ನಡುಗುವ ಕೈಯೂ ಕ್ಷೌರದ ಕತ್ತಿಯೂ

ಬೆಳಗಿನ ಬಿಸಿಲು ಪಡಸಾಲೆಗೆ ಇಳಿಯುವ ಹೊತ್ತಿನಲ್ಲಿ ಎಪ್ಪತ್ತು ದಾಟಿದ ಯಜಮಾನನೊಬ್ಬನು ಕಂಬದ ಮೊಳೆಗೆ ಅಂಗೈಯಗಲದ ಕನ್ನಡಿಯನ್ನು ತೂಗಹಾಕುವನು. ತಂಬಿಗೆಯ ಬಿಸಿನೀರಿನಿಂದ ಗಲ್ಲವನ್ನು ನೆನೆಯಿಸಿಕೊಂಡು ಮಡಿಸುವ ಕತ್ತಿಯನ್ನು ಬಿಚ್ಚುವನು. ಕೈ ನಡುಗುತ್ತಿರುವುದು. ಮನೆಯವರು ನೋಡಿಯೂ ನೋಡದವರಂತೆ ಇರುವರು. ಸೊಸೆಯು ಒಳಗಿನಿಂದಲೇ ಕೂಸನ್ನು ಕರೆದು, ಅಜ್ಜನ ಹತ್ತಿರ ಓಡಾಡಬೇಡವೆನ್ನುವಳು. ಹಡಪದವರನ್ನು ಮನೆಗೆ ಕರೆಯಿಸೋಣವೆಂದು ಮಗನು ಹೇಳುವುದನ್ನು ಬಿಟ್ಟು ಎಷ್ಟೋ ದಿನಗಳಾಗಿವೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಊರುಗಳಲ್ಲಿ ಒಂದೆರಡು ತಲೆಮಾರುಗಳ ಹಿಂದೆ ಸಾಮಾನ್ಯವಾಗಿದ್ದು, ಇಂದು ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಉಳಿದಿರಬಹುದಾದ ನೋಟವಿದು. ಆದರೆ ಕನ್ನಡ ಸಾಹಿತ್ಯದಲ್ಲಿ ಇದನ್ನು ಹುಡುಕಹೊರಟವನಿಗೆ ದೊರೆಯುವುದು ಅತ್ಯಲ್ಪ. ಮುಪ್ಪು ದೊರೆಯುವುದು, ನಡುಕವೂ ದೊರೆಯುವುದು, ಕತ್ತಿಯಂತೂ ಬೇಕಾದಷ್ಟು ದೊರೆಯುವುದು. ಮೂರೂ ಒಂದೇ ಕನ್ನಡಿಯ ಮುಂದೆ ಕೂಡಿದುದು ಮಾತ್ರ ಅಪರೂಪ. ಈ ಅಭಾವವು ಆಕಸ್ಮಿಕವಾದುದಲ್ಲ. ಮುಪ್ಪನ್ನು ಯಾರ ಕಣ್ಣಿನಿಂದ ನೋಡುವುದು ಸಾಹಿತ್ಯಕ್ಕೆ ರೂಢಿಯಾಗಿದೆ ಎಂಬುದನ್ನು ಅದು ತಿಳಿಸಿಕೊಡುವುದು.

ಮುಪ್ಪಿನ ವಿಷಯವೆಂದೊಡನೆ ವಾಚಕರಿಗೆ ನೆನಪಾಗುವುದು ಬಸವಣ್ಣನವರ ಸುಪ್ರಸಿದ್ಧ ವಚನವು. ಕೆನ್ನೆಗಿಳಿದ ನರೆಯಿಂದ ಮೊದಲಾಗಿ ಸುಕ್ಕು, ಹಲ್ಲು, ಬೆನ್ನು, ಊರುಗೋಲುಗಳವರೆಗೆ ಮುಪ್ಪಿನ ಕುರುಹುಗಳನ್ನು ಒಂದರ ಹಿಂದೊಂದು ಎಣಿಸಿ, ಅವು ಬಂದೊದಗುವ ಮೊದಲೇ ದೇವಪೂಜೆಗೆ ತೊಡಗೆಂದು ಹೇಳುವ ವಚನವದು. ಇದನ್ನು ವೈರಾಗ್ಯಬೋಧೆಯೆಂದು ವಿವರಿಸಿ ಮುಗಿಸುವುದು ಪಾಠಶಾಲೆಯ ಪದ್ಧತಿ. ಆ ವಿವರಣೆಯು ತಪ್ಪಲ್ಲ, ಆದರೆ ಸಾಲದು. ಆ ಪಟ್ಟಿಯಲ್ಲಿ ಮಿಕ್ಕವೆಲ್ಲವೂ ದೇಹಕ್ಕೆ ಸೇರಿದ ಸಂಗತಿಗಳು. ಒಂದು ಮಾತ್ರ ದೇಹಕ್ಕೆ ಸೇರಿದುದಲ್ಲ. ಅದು 'ಹಂಗು'. ಹಲ್ಲು ಬೀಳುವುದರ, ಬೆನ್ನು ಬಾಗುವುದರ ಮಗ್ಗುಲಿನಲ್ಲಿಯೇ, ಇನ್ನೊಬ್ಬರ ಹಂಗಿಗೆ ಬೀಳುವುದನ್ನು ಬಸವಣ್ಣನವರು ಕೂಡಿಸಿದ್ದಾರೆ, ಅದೂ ಒಂದು ಅಂಗವೈಕಲ್ಯವೋ ಎಂಬಂತೆ. ಹಲ್ಲು ಹೋದರೆ ಮೆತ್ತನ್ನ ಅನ್ನವುಂಟು, ಬೆನ್ನು ಬಾಗಿದರೆ ಕೋಲುಂಟು. ಹಂಗಿಗೆ ಊರುಗೋಲಾವುದು? ಪಡಸಾಲೆಯ ಯಜಮಾನನು ನಡುಗುವ ಕೈಯಿಂದಲೇ ಕತ್ತಿ ಹಿಡಿಯುವುದು ಈ ಒಂದು ಶಬ್ದದ ದೆಸೆಯಿಂದಲ್ಲವೆ? ಅವನಿಗೆ ಊಟವನ್ನು ಸೊಸೆಯು ಬಡಿಸುವಳು, ಹಣವನ್ನು ಮಗನು ಎಣಿಸುವನು, ಹೊಲವನ್ನು ಮೊಮ್ಮಕ್ಕಳು ನೋಡುವರು. ತನ್ನ ಮುಖವೊಂದೇ ಇನ್ನೂ ಅವನ ಸ್ವಾಧೀನದಲ್ಲಿರುವುದು.

ಕೊಪ್ಪಳದ ನೆಲಕ್ಕೆ ಹಂಗು ತೊರೆಯುವ ಮಾತು ಹೊಸದಲ್ಲ. ಕವಿರಾಜಮಾರ್ಗವು ಕನ್ನಡದ ತಿರುಳ ನಾಡನ್ನು ಗುರುತಿಸುವಾಗ ಹೆಸರಿಸಿದ ಕೊಪಣವು ಜೈನರ ಮಹಾತೀರ್ಥವಾಗಿದ್ದಿತು. ದಿಗಂಬರ ಮುನಿಗಳು ತಲೆ ಗಡ್ಡಗಳ ಕೂದಲನ್ನು ತಮ್ಮ ಕೈಯಿಂದಲೇ ಕಿತ್ತುಕೊಳ್ಳತಕ್ಕದ್ದು. ಕೇಶಲೋಚವೆಂಬ ಈ ನಿಯಮವು ಮುನಿಯ ಇಪ್ಪತ್ತೆಂಟು ಮೂಲಗುಣಗಳಲ್ಲಿ ಒಂದು. ಕತ್ತಿಯ ಹಂಗಿಲ್ಲ, ಕತ್ತಿ ಹಿಡಿಯುವವನ ಹಂಗೂ ಇಲ್ಲ. ಆದರೆ ಸಂಸಾರದೊಳಗಿದ್ದುಕೊಂಡೇ, ಮಕ್ಕಳು ಮೊಮ್ಮಕ್ಕಳ ನಡುವೆಯೇ ಮುಖದ ಮಟ್ಟಿಗೆ ಹಂಗು ಬೇಡವೆನ್ನುವ ಗೃಹಸ್ಥನಿಗೆ ಯಾವ ಶಾಸ್ತ್ರವೂ ಬಿರುದನ್ನು ಕೊಟ್ಟಿಲ್ಲ. ಅವನಿಗೆ ಸಿಗುವುದು ಹಟಮಾರಿಯೆಂಬ ಹೆಸರು.

ಇನ್ನು ನಡುಕದ ಮಾತು. ಅಲಂಕಾರಶಾಸ್ತ್ರದಲ್ಲಿ ನಡುಕಕ್ಕೆ ದೊಡ್ಡ ಸ್ಥಾನವಿದೆ. ಎಂಟು ಸಾತ್ವಿಕ ಭಾವಗಳಲ್ಲಿ ವೇಪಥುವೂ ಒಂದು. ಪ್ರಿಯನ ಸ್ಪರ್ಶದಿಂದ ನಾಯಿಕೆಯು ಕಂಪಿಸುವಳು. ಭಯದಿಂದ ಶತ್ರುವು ಕಂಪಿಸುವನು. ರಣರಂಗದಲ್ಲಿ ಬಂಧುಗಳನ್ನು ಕಂಡ ಅರ್ಜುನನ ಮೈ ನಡುಗಿ ಗಾಂಡೀವವು ಕೈಯಿಂದ ಜಾರುವುದು. ಎಲ್ಲೆಡೆಯೂ ನಡುಕವು ಮನಸ್ಸಿನ ದೂತ. ಒಳಗಿನ ಭಾವವು ಹೊರಗೆ ತೋರುವ ಬಾಗಿಲು. ಆದರೆ ಭರತನು ನಾಟ್ಯಶಾಸ್ತ್ರದಲ್ಲಿ ಕಂಪನದ ಕಾರಣಗಳನ್ನು ಹೇಳುವಾಗ ಚಳಿ, ಭಯ, ಹರ್ಷ, ರೋಷ, ಸ್ಪರ್ಶಗಳೊಡನೆ ಮುಪ್ಪನ್ನೂ ಸೇರಿಸಿದ್ದಾನೆಂಬುದನ್ನು ಮರೆಯಲಾಗದು. ನಟರಿಗೆ ಪಾಠ ಹೇಳುವವನಾದ ಅವನಿಗೆ ಮುದುಕರ ಕೈಯನ್ನು ನೋಡದೆ ವಿಧಿಯಿರಲಿಲ್ಲ. ಕವಿಗಳಿಗೆ ಆ ನಿರ್ಬಂಧವಿರಲಿಲ್ಲವಾದುದರಿಂದ ಅವರು ಬಹುಮಟ್ಟಿಗೆ ಮುಪ್ಪನ್ನು ಬಿಟ್ಟು ಮಿಕ್ಕವನ್ನು ಇಟ್ಟುಕೊಂಡರು. ಏಕೆಂದರೆ ಮುಪ್ಪಿನ ನಡುಕದಲ್ಲಿ ಭಾವವಿಲ್ಲ. ಯಜಮಾನನ ಕೈ ನಡುಗುವುದು ಅಂಜಿಕೆಯಿಂದಲ್ಲ, ಕೋಪದಿಂದಲ್ಲ, ಪ್ರೇಮದಿಂದಂತೂ ಅಲ್ಲವೇ ಅಲ್ಲ. ಅವನ ಮನಸ್ಸು ನೆಟ್ಟಗಿರುವುದು. ಕೈ ಮಾತ್ರ ಮನಸ್ಸಿನ ಮಾತು ಕೇಳದಿರುವುದು. ಹೀಗೆ ಮನಸ್ಸಿನಿಂದ ಬೇರ್ಪಟ್ಟ ಕಂಪನವು ರಸಕ್ಕೆ ಒದಗದೆಂದು ಕಾವ್ಯವು ತೀರ್ಮಾನಿಸಿದಂತಿದೆ. ಇದು ಕಾವ್ಯದ ಬಡತನವೇ ಹೊರತು ಮುದುಕನ ಬಡತನವಲ್ಲ.

ಈ ಕಾರಣದಿಂದಲೇ ಕಥೆ ಕಾದಂಬರಿಗಳಲ್ಲಿ ಮುದುಕರ ಕೈ ನಡುಗುವಾಗ ತಪ್ಪುಗಳು ನುಸುಳುವುದುಂಟು. ಮುದುಕನೆಂದರೆ ಎಲ್ಲ ವೇಳೆಯಲ್ಲಿಯೂ ಒಂದೇ ಬಗೆಯಾಗಿ ನಡುಗುವವನೆಂದು ಲೇಖಕರು ಭಾವಿಸುವರು. ವೈದ್ಯರು ಹಾಗೆ ಹೇಳುವುದಿಲ್ಲ. ಚರಕನು ವಾತದ ಎಂಬತ್ತು ವಿಕಾರಗಳ ಪಟ್ಟಿಯಲ್ಲಿ ವೇಪಥುವನ್ನು ಸೇರಿಸಿದನು. ಲಂಡನ್ನಿನ ವೈದ್ಯನಾದ ಜೇಮ್ಸ್ ಪಾರ್ಕಿನ್‌ಸನ್ನನು 1817ರಲ್ಲಿ ವಿವರಿಸಿದ ಕಂಪವಾಯುವಿನಲ್ಲಿ, ಕೈ ಸುಮ್ಮನೆ ತೊಡೆಯ ಮೇಲಿರುವಾಗಲೇ ನಡುಕ ಹೆಚ್ಚು. ಅದೇ ಕೈ ಒಂದು ಕೆಲಸಕ್ಕೆ ಹೊರಟಾಗ ನಡುಕವು ತಗ್ಗುವುದು. ಇದಕ್ಕಿಂತಲೂ ಸಾಮಾನ್ಯವಾದ ಇನ್ನೊಂದು ನಡುಕವುಂಟು; ಹಲವು ಮನೆತನಗಳಲ್ಲಿ ಅದು ತಂದೆಯಿಂದ ಮಕ್ಕಳಿಗೆ ಇಳಿದು ಬರುವುದು. ಇದರ ಸ್ವಭಾವವು ಸರಿಯಾಗಿ ವಿಪರೀತ: ವಿಶ್ರಾಂತಿಯಲ್ಲಿ ಕೈ ಸುಮ್ಮನಿರುವುದು, ನೀರಿನ ಲೋಟವು ತುಟಿಯನ್ನು ಸಮೀಪಿಸಿದಾಗ, ಲೇಖನಿಯು ಕಾಗದವನ್ನು ಮುಟ್ಟುವಾಗ, ಕತ್ತಿಯು ಕೆನ್ನೆಗೆ ಬಂದಾಗ ನಡುಕವು ಏರುವುದು. ಯಾರಾದರೂ ನೋಡುತ್ತಿದ್ದರೆ ಇನ್ನಷ್ಟು ಏರುವುದು. (ಒಂದು ಗುಟುಕು ಮದ್ಯದಿಂದ ಈ ಎರಡನೆಯ ನಡುಕವು ಕೆಲಹೊತ್ತು ಶಮನವಾಗುವುದೆಂಬುದು ನಿಜವೇ, ಮರುದಿನ ಅದು ಬಡ್ಡಿಸಹಿತ ಮರಳುವುದೆಂಬುದೂ ನಿಜ. ಸಂಜೆಯ ಚಟಕ್ಕೆ ಇದನ್ನು ನೆಪವಾಗಿ ಯಾರೂ ಬಳಸದಿರಲಿ.) ಎರಡು ಬಗೆಯ ಕೈಗಳು ಎರಡು ಬಗೆಯ ಕಥೆಗಳು. ತೊಡೆಯ ಮೇಲೆ ನಡುಗುತ್ತಿದ್ದ ಕೈ ಕತ್ತಿ ಹಿಡಿದೊಡನೆ ತುಸು ಸಾವಧಾನವಾಗುವುದೂ, ನೆಮ್ಮದಿಯಿಂದಿದ್ದ ಕೈ ಕತ್ತಿ ಹಿಡಿದೊಡನೆ ದ್ರೋಹ ಬಗೆಯುವುದೂ ಒಂದೇ ಆದೀತೆ? ಈ ಭೇದವನ್ನರಿಯದ ಲೇಖಕನು ಮುದುಕನನ್ನು ನೋಡಿಲ್ಲ. ಮುದುಕನೆಂಬ ಶಬ್ದವನ್ನು ಮಾತ್ರ ನೋಡಿದ್ದಾನೆ.

ಕತ್ತಿಯ ವಿಷಯದಲ್ಲಿಯೂ ಹೀಗೆಯೇ. ಅಲಗು ಹರಿತವಾದಷ್ಟೂ ಅಪಾಯವೆಂದು ಬರೆಯುವವರುಂಟು. ಕತ್ತಿ ಹಿಡಿದು ಬಾಳಿದವರನ್ನು ಕೇಳಿದರೆ ಮೊಂಡಾದ ಕತ್ತಿಯೇ ಹೆಚ್ಚು ಕೆಟ್ಟದ್ದೆನ್ನುವರು. ಮೊಂಡು ಕತ್ತಿಗೆ ಒತ್ತಡ ಬೇಕು, ಒತ್ತಿದ ಕೈಗೆ ಹಿಡಿತ ತಪ್ಪುವುದು ಸುಲಭ. ಆದುದರಿಂದಲೇ ಕ್ಷೌರಕ್ಕೆ ಮುನ್ನ ಕತ್ತಿಯನ್ನು ಕಲ್ಲಿಗೂ ಚರ್ಮದ ಪಟ್ಟಿಗೂ ಕಾಣಿಸುವುದು. ಅಲಗು ಚರ್ಮವನ್ನು ಸೀಳುವುದು ಬಹುಮಟ್ಟಿಗೆ ತನ್ನ ಉದ್ದಕ್ಕೆ ಜಾರಿದಾಗ. ಬೆನ್ನನ್ನು ಚರ್ಮಕ್ಕೆ ಸಮೀಪವಾಗಿಟ್ಟು ಅಡ್ಡಲಾಗಿ ಎಳೆದರೆ ಕೂದಲನ್ನಷ್ಟೇ ಕತ್ತರಿಸುವುದು. ಹೀಗಿರುವುದರಿಂದ ನಡುಗುವ ಕೈಯವನು ಎಷ್ಟು ನಡುಗುವನೆಂಬುದಕ್ಕಿಂತ ಯಾವ ದಿಕ್ಕಿಗೆ ನಡುಗುವನೆಂಬುದು ಮುಖ್ಯ. ಬಲ್ಲ ಮುದುಕನು ಇದನ್ನು ಓದಿ ತಿಳಿದವನಲ್ಲ, ಮಾಡಿ ತಿಳಿದವನು. ಅವನು ಮೊಣಕೈಯನ್ನು ಗೋಡೆಗೋ ಕಂಬಕ್ಕೋ ಒರಗಿಸುವನು. ಕಿರುಬೆರಳನ್ನು ಗದ್ದದ ಮೇಲೆ ಊರುವನು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿಯುವನು. ಉದ್ದನೆಯ ಒಂದೆಳೆತಕ್ಕೆ ಬದಲಾಗಿ ಧಾನ್ಯದ ಕಾಳಿನಷ್ಟು ಸಣ್ಣ ಸಣ್ಣ ಎಳೆತಗಳಲ್ಲಿ ಕೆಲಸ ಮುಗಿಸುವನು. ಗಂಟಲ ಗುಬ್ಬಿಯ ಸುತ್ತಲಿನ ಕೂದಲನ್ನು ಬಿಟ್ಟೇಬಿಡುವನು. ಕಡೆಗೆ, ಕತ್ತಿಯನ್ನು ಕೆನ್ನೆಯ ಬಳಿಗೆ ಒಯ್ಯುವುದನ್ನು ನಿಲ್ಲಿಸಿ, ಊರಿದ ಕೈಯಲ್ಲಿ ಕತ್ತಿಯನ್ನು ತಡೆಹಿಡಿದು, ಕೆನ್ನೆಯನ್ನೇ ಕತ್ತಿಯ ಬಳಿಗೆ ತರುವನು. ಸಮೀಪದ ಕಿನ್ನಾಳದಲ್ಲಿ ಮರದ ಗೊಂಬೆಗಳಿಗೆ ಬಣ್ಣ ಬರೆಯುವ ಚಿತ್ರಗಾರರು ಕಣ್ಣು ಮೀಸೆಗಳ ಗೆರೆಗಾಗಿ ಕೈಯನ್ನು ಹೇಗೆ ಊರುವರೆಂಬುದನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವಿರಲಾರದು. ಹೀಗೆ ಒಂದು ಮುಖವನ್ನು ಬೋಳಿಸಲು ಅರ್ಧ ತಾಸು ಹಿಡಿಯುವ ಕೆಲಸದಲ್ಲಿ ಭಯ, ಜಾಣತನ, ಹಟ, ಹಾಸ್ಯ ಎಲ್ಲವೂ ಇರುವಾಗ ರಸವಿಲ್ಲವೆಂದು ಹೇಳುವವರ ರಸಿಕತೆಯೇ ಸಂದೇಹಾಸ್ಪದವು.

ಸಾಹಿತ್ಯದ ಮುದುಕನು ಕನ್ನಡಿಯ ಮುಂದೆ ಬಂದುದೇ ಇಲ್ಲವೆ? ಬಂದಿದ್ದಾನೆ. ಆದರೆ ಅವನು ರಾಜ. ಕಾಳಿದಾಸನ ರಘುವಂಶದಲ್ಲಿ ಮುಪ್ಪು ದಶರಥನ ಕಿವಿಯ ಬಳಿಗೆ ನರೆಯ ವೇಷದಲ್ಲಿ ಬಂದು ರಾಮನಿಗೆ ರಾಜ್ಯವನ್ನು ಕೊಡೆಂದು ಪಿಸುನುಡಿಯುವುದು. ಬೌದ್ಧರ ಮಖಾದೇವ ಜಾತಕವು ಇನ್ನೂ ಸ್ಪಷ್ಟವಾದುದು: ತನ್ನ ತಲೆಯಲ್ಲಿ ನರೆಗೂದಲು ಕಂಡಂದು ತಿಳಿಸಬೇಕೆಂದು ರಾಜನು ಕ್ಷೌರಿಕನಿಗೆ ಅಪ್ಪಣೆ ಮಾಡಿರುವನು, ಕ್ಷೌರಿಕನು ಒಂದು ದಿನ ಅದನ್ನು ಕಂಡು, ಕಿತ್ತು, ರಾಜನ ಅಂಗೈಯಲ್ಲಿಡುವನು, ರಾಜನು ವಿರಕ್ತನಾಗಿ, ಕ್ಷೌರಿಕನಿಗೆ ಒಂದು ಗ್ರಾಮವನ್ನು ದಯಪಾಲಿಸಿ ಹೊರಟುಹೋಗುವನು. ಬಹು ಸುಂದರವಾದ ಕಥೆಯಿದು. ಆದರೆ ವರ್ಷಗಟ್ಟಲೆ ಅರಸನ ತಲೆಯಲ್ಲಿ ನರೆಯನ್ನು ಹುಡುಕಿದ ಆ ಕ್ಷೌರಿಕನ ತಲೆಯಲ್ಲಿ ನರೆ ಎಂದು ಮೂಡಿತೆಂಬುದನ್ನು ಕೇಳಿದವರಾರು? ಅವನ ಕೈ ನಡುಗತೊಡಗಿದ ದಿನ ಏನಾಯಿತು?

ಇಲ್ಲಿಗೆ ಪ್ರಶ್ನೆಯು ತಿರುವಿಗೆ ಬರುವುದು. ಯಜಮಾನನ ನಡುಕದಿಂದ ಹೋಗುವುದು ಅಭಿಮಾನ. ಕ್ಷೌರಿಕನ ನಡುಕದಿಂದ ಹೋಗುವುದು ಅನ್ನ. ನಿಜಾಮನ ಆಳ್ವಿಕೆಯು 1948ರಲ್ಲಿ ಕೊನೆಗೊಳ್ಳುವವರೆಗೂ, ಅದರ ನಂತರ ಬಹುಕಾಲವೂ, ಈ ಸೀಮೆಯ ಹಳ್ಳಿಗಳಲ್ಲಿ ಕ್ಷೌರಿಕನು ಆಯಗಾರರಲ್ಲಿ ಒಬ್ಬನಾಗಿದ್ದು ಸುಗ್ಗಿಯ ಕಣದಲ್ಲಿ ಕಾಳನ್ನು ಪಡೆಯುತ್ತಿದ್ದನು. ವರ್ಷವಿಡೀ ಊರಿನ ಗಡ್ಡಗಳನ್ನು ತೆಗೆದುದಕ್ಕೆ ಅದು ಕೂಲಿ. ಕೈ ನಡುಗಿದವನ ಮುಂದೆ ಯಾರು ಕುತ್ತಿಗೆಯೊಡ್ಡಿಯಾರು? ಕೆಲಸವಿಲ್ಲದ ಕ್ಷೌರಿಕನು ಬೆಕ್ಕಿನ ತಲೆ ಬೋಳಿಸಿದನೆಂದು ಗಾದೆಯು ನಗುವುದು. ಅವನಿಗೆ ಕೆಲಸವೇಕಿಲ್ಲವೆಂದು ಗಾದೆಯು ಕೇಳಲಿಲ್ಲ. ಗಾದೆಯನ್ನು ಕಥೆಯಲ್ಲಿ ಹೊಂದಿಸಿ ವಾಚಕರನ್ನು ನಗಿಸುವವರೂ ಕೇಳಲಿಲ್ಲ.

ವಚನಕಾರರಿಂದ ಈ ಪ್ರಶ್ನೆಗೆ ಉತ್ತರವನ್ನು ನಿರೀಕ್ಷಿಸುವುದು ಸಹಜ. ಅಂಬಿಗರ ಚೌಡಯ್ಯನಲ್ಲಿ ದೋಣಿಯುಂಟು, ಜೇಡರ ದಾಸಿಮಯ್ಯನಲ್ಲಿ ಮಗ್ಗವುಂಟು, ನುಲಿಯ ಚಂದಯ್ಯನಲ್ಲಿ ಹಗ್ಗವುಂಟು. ಉತ್ತರ ಕರ್ನಾಟಕದ ಕ್ಷೌರಿಕ ಸಮಾಜವು ತನ್ನ ಮೂಲಪುರುಷನೆಂದು ಗೌರವಿಸುವ ಹಡಪದ ಅಪ್ಪಣ್ಣನವರು ಬಸವಣ್ಣನವರ ನಿಕಟವರ್ತಿಗಳು. ಅವರ ಇನ್ನೂರಕ್ಕೂ ಮಿಕ್ಕ ವಚನಗಳು ದೊರೆತಿವೆ. ಪತ್ನಿ ಲಿಂಗಮ್ಮನವರೂ ವಚನಗಳನ್ನು ರಚಿಸಿದವರು. ಹಡಪವೆಂದರೆ ತಾಂಬೂಲದ ಚೀಲ. ಹಡಪವೆಂದರೆ ಕ್ಷೌರಿಕನ ಕತ್ತಿ ಕನ್ನಡಿಗಳ ಚೀಲವೂ ಹೌದು. ಒಂದೇ ಶಬ್ದವು ವೀಳೆಯವನ್ನೂ ಅಲಗನ್ನೂ ಹೊತ್ತಿರುವುದು ಕನ್ನಡದ ಸೊಗಸುಗಳಲ್ಲಿ ಒಂದೆಂದು ಹೇಳಬೇಕು. ಆದರೆ ಅಪ್ಪಣ್ಣನವರ ವಚನಗಳ ಒಲವು ಷಟ್‌ಸ್ಥಲದ ಅನುಭಾವದ ಕಡೆಗೆ, ಗುರುಸ್ತುತಿಯ ಕಡೆಗೆ. ಚೀಲವನ್ನು ಬಿಚ್ಚಿ ತೋರಿಸುವುದು ಅವುಗಳ ಉದ್ದೇಶವಲ್ಲ. ಇನ್ನೊಬ್ಬ ಶರಣನಿದ್ದಾನೆ, ಕನ್ನಡಿ ಕಾಯಕದ ಅಮ್ಮಿದೇವಯ್ಯ. ಅವನನ್ನು ಕ್ಷೌರದ ಕಾಯಕದವನೆಂದು ಎಣಿಸುವುದು ವಾಡಿಕೆ. ಅವನ ಹೆಸರಿನಲ್ಲಿ ಕತ್ತಿಯಿಲ್ಲ, ಕನ್ನಡಿಯಿದೆ. ದೊರೆತಿರುವ ಅವನ ವಚನಗಳು ಬೆರಳೆಣಿಕೆಯವು. ಆದರೂ ಮುಖವನ್ನು ತಿದ್ದುವುದನ್ನಲ್ಲ, ಮುಖವನ್ನು ತೋರಿಸುವುದನ್ನು ಒಂದು ಕಾಯಕವೆಂದು ಕರೆದ ಆ ಹೆಸರೇ ಒಂದು ವಚನದಷ್ಟು ಬೆಲೆಯುಳ್ಳದ್ದು.

ಆಧುನಿಕ ಕಾಲದ ಕಾದಂಬರಿಗಳಲ್ಲಿ ಕ್ಷೌರದ ಕತ್ತಿಯು ನೆನಪಿನಲ್ಲಿ ಉಳಿಯುವಂತೆ ಕಾಣಿಸಿಕೊಂಡುದು ವಿಧವೆಯರ ತಲೆಯ ಮೇಲೆ. ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' (1976) ಅದಕ್ಕೆ ಎಲ್ಲರೂ ಬಲ್ಲ ನಿದರ್ಶನವು. ಅಲ್ಲಿ ಕತ್ತಿಯು ಕ್ರೌರ್ಯದ ಸಾಧನ. ಹಾಗೆ ಚಿತ್ರಿತವಾದುದು ನ್ಯಾಯವೇ ಆಗಿದೆ. ಆದರೆ ಆ ಕತ್ತಿ ಹಿಡಿದ ಕೈ ಯಾರದು? ಮುಟ್ಟಿದರೆ ಸ್ನಾನ ಮಾಡಬೇಕೆಂದು ಅದೇ ಮನೆಯವರು ವಿಧಿಸಿದ, ಆದರೂ ಅದಿಲ್ಲದೆ ಅವರ ಶಾಸ್ತ್ರವೇ ನಡೆಯದ ಕೈಯದು. ಒಲ್ಲದ ಬಾಲೆಯ ತಲೆಯ ಮೇಲೆ ಮೊದಲ ಬಾರಿ ಕತ್ತಿಯಿಟ್ಟಾಗ ಅಂಥ ಕೈಗಳಲ್ಲಿ ಒಂದಾದರೂ ನಡುಗಿರಲಾರದೆ? ಅದು ಭರತನು ಹೇಳಿದ ಯಾವ ಕಾರಣದ ಕಂಪನವೆಂದು ಯೋಚಿಸಬೇಕಾದ ವಿಷಯವು. ವಿಧವೆಯ ದುಃಖವನ್ನು ಬರೆದ ಲೇಖನಿಗಳಿಗೆ ಆ ಕೈಯತ್ತ ಕಣ್ಣೆತ್ತಲು ಬಿಡುವಾಗಲಿಲ್ಲ.

ಮೂರನೆಯ ಕೈಯೊಂದು ಉಳಿಯಿತು. ಯಜಮಾನನು ಹಡಪದವರನ್ನು ಬೇಡವೆಂದುದರಿಂದ ತಾನೇ ಕತ್ತಿ ಹಿಡಿದನು. ಬೇಡವೆನ್ನುವ ಹಕ್ಕು ಅವನಿಗಿದ್ದಿತು. ಬೇಕೆಂದರೂ ದೊರೆಯದವರ ಮಾತೇನು? ಡಾ. ಅಂಬೇಡ್ಕರರು ಸಾತಾರೆಯ ತಮ್ಮ ಬಾಲ್ಯವನ್ನು ನೆನೆಯುತ್ತ, ಅಸ್ಪೃಶ್ಯರಿಗೆ ಕ್ಷೌರ ಮಾಡಲು ಯಾವ ಕ್ಷೌರಿಕನೂ ಒಪ್ಪುತ್ತಿರಲಿಲ್ಲವಾದುದರಿಂದ ತಮ್ಮ ಮನೆಯಲ್ಲಿ ಹುಡುಗರ ಕೂದಲನ್ನು ಹಿರಿಯಕ್ಕನೇ ಕತ್ತರಿಸುತ್ತಿದ್ದಳೆಂದೂ, ಆ ಕೆಲಸದಲ್ಲಿ ಅವಳು ನಿಪುಣೆಯಾಗಿದ್ದಳೆಂದೂ ಬರೆದಿದ್ದಾರೆ. ಅದು ಹತ್ತೊಂಬತ್ತನೆಯ ಶತಮಾನದ ಮಾತೆಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ದಲಿತರಿಗೆ ಕ್ಷೌರದಂಗಡಿಗೂ ಹೋಟೆಲಿಗೂ ಪ್ರವೇಶವನ್ನು ನಿರಾಕರಿಸಿದ ವಿವಾದದ ಬೆನ್ನಿಗೆ 2014ರ ಆಗಸ್ಟ್ 28ರಂದು ಅವರ ಕೇರಿಯ ಮೇಲೆ ದಾಳಿಯಾಗಿ ಗುಡಿಸಲುಗಳು ಸುಟ್ಟವು. ಕೊಪ್ಪಳದ ಜಿಲ್ಲಾ ನ್ಯಾಯಾಲಯವು 2024ರ ಅಕ್ಟೋಬರಿನಲ್ಲಿ 98 ಮಂದಿಗೆ ಜೀವಾವಧಿ ಶಿಕ್ಷೆಯನ್ನು ವಿಧಿಸಿತು. ಇಂಥ ಊರುಗಳಲ್ಲಿ ಅಂಗಡಿ ತೆರೆದಿರುವ ಕ್ಷೌರಿಕನೂ ಬಲವಂತರ ಹಂಗಿನಲ್ಲಿಯೇ ಬದುಕುವವನೆಂಬುದನ್ನು ಹೇಳದೆ ಬಿಡುವುದು ಅನ್ಯಾಯವಾದೀತು. ಒಬ್ಬನಿಗೆ ಕ್ಷೌರ ಮಾಡಿದರೆ ಇನ್ನೊಬ್ಬರು ಬರುವುದನ್ನು ನಿಲ್ಲಿಸುವರೆಂಬ ಹೆದರಿಕೆ ಅವನದು. ಆದರೆ ಅವನ ಹೆದರಿಕೆಯ ಭಾರವೂ ಬಿದ್ದುದು ಕೇರಿಯ ಮುದುಕನ ಮೇಲೆಯೇ. ಆ ಮುದುಕನು ನಡುಗುವ ಕೈಯಲ್ಲಿ ಕತ್ತಿ ಹಿಡಿದರೆ ಅದು ಹಂಗು ಬೇಡವೆಂಬ ಅಭಿಮಾನದಿಂದಲ್ಲ. ಹಂಗನ್ನೂ ಅವನಿಗೆ ಕೊಡಲೊಲ್ಲದವರಿಂದ. ಬಸವಣ್ಣನವರ ವಚನವನ್ನು ಯಜಮಾನನ ಪಡಸಾಲೆಯಲ್ಲಿ ಓದಿದಾಗ ಒಂದು ಅರ್ಥ, ಆ ಕೇರಿಯಲ್ಲಿ ಓದಿದಾಗ ಇನ್ನೊಂದು ಅರ್ಥ. ಎರಡನೆಯದನ್ನು ಓದಿಸದ ಪಾಠವು ಅರ್ಧಪಾಠವೇ ಸರಿ.

ಇಷ್ಟರಲ್ಲಿ ಮಡಿಸುವ ಕತ್ತಿಯೇ ಕಾಲವಶವಾಗುತ್ತ ಬಂದಿದೆ. ಜಿಲೆಟ್ಟನು 1904ರಲ್ಲಿ ಅಮೆರಿಕದಲ್ಲಿ ಹಕ್ಕುಪತ್ರ ಪಡೆದ ಸೇಫ್ಟಿ ರೇಜರು ಮೊದಲು ನೌಕರಿಯ ಮನೆಗಳಿಗೆ, ತರುವಾಯ ಒಕ್ಕಲು ಮನೆಗಳಿಗೆ ಬಂದಿತು. ಅಂಗಡಿಗಳಲ್ಲಿಯೂ ರೋಗ ಹರಡುವ ಭಯದಿಂದ ಪ್ರತಿಯೊಬ್ಬನಿಗೂ ಹೊಸ ಬ್ಲೇಡಿನ ತುಂಡನ್ನು ಸಿಕ್ಕಿಸುವ ಹಿಡಿಕೆಯೇ ವಾಡಿಕೆಯಾಗಿದೆ. ಮುದುಕರ ಕೆನ್ನೆಗೆ ಇದು ಒಳ್ಳೆಯದೇ. ಬರೆಯುವವರಿಗೆ ಮಾತ್ರ, ಕಂಡು ಬರೆಯಬೇಕಾದುದನ್ನು ಕೇಳಿ ಬರೆಯಬೇಕಾದ ಕಾಲವು ಸಮೀಪಿಸಿದೆ. ಕೇಳಬೇಕಾದುದು ಯಜಮಾನರ ಮನೆಗಳಲ್ಲಿ ಮಾತ್ರವಲ್ಲ. ಸಂತೆಯ ದಿನ ಕುಷ್ಟಗಿಯಲ್ಲಾಗಲಿ ಯಲಬುರ್ಗಾದಲ್ಲಾಗಲಿ ಹಳೆಯ ಕ್ಷೌರದಂಗಡಿಯೊಂದರ ಮುಂದೆ ಕೆಲಹೊತ್ತು ಕುಳಿತವನಿಗೆ ಇಂಥದೊಂದು ನೋಟವು ಕಂಡರೆ ಆಶ್ಚರ್ಯವಿಲ್ಲ: ಮಗನು ಕತ್ತಿ ಹಿಡಿದು ಕೆಲಸ ಮಾಡುತ್ತಿರುವನು; ಕೈ ನಡುಗಲಾರಂಭಿಸಿದ ತಂದೆಯು ಪಕ್ಕದಲ್ಲಿ ನಿಂತು ನೀರು ಕಾಯಿಸುವನು, ಅರಿವೆ ಕೊಡಹುವನು. ಕೆಲಸ ಮುಗಿದ ಮೇಲೆ ಕನ್ನಡಿಯನ್ನು ಎರಡೂ ಕೈಗಳಿಂದ ಎತ್ತಿ ಗಿರಾಕಿಯ ಮುಂದೆ ಹಿಡಿಯುವನು. ಕನ್ನಡಿಯು ಸಣ್ಣಗೆ ಅಲುಗುವುದು. ಗಿರಾಕಿಯು ಅದರೊಡನೆ ತನ್ನ ತಲೆಯನ್ನೂ ತುಸು ಅತ್ತಿತ್ತ ಆಡಿಸಿ, ಗಲ್ಲವನ್ನು ಸವರಿಕೊಂಡು, ಚಲೋ ಆತು ಕಾಕಾ ಎನ್ನುವನು.